‘ದಿ ಕಿಂಗ್ಸ್ ಚಾಯ್ಸ್’: ನಾರ್ವೆಯ ರಾಜ ಹಿಟ್ಲರ್‌ಗೆ ‘ಆಗಲ್ಲ’ ಅಂದ ಮೂರು ದಿನ. ನೋಡಿದವರು ಮಾತಾಡಿ

ತುಂಗಾತೀರ:
ನಿನ್ನೆ ರಾತ್ರಿ ನೋಡಿ ಮುಗಿಸಿದೆ. ನಾರ್ವೇಜಿಯನ್ ಸಿನಿಮಾ, 2016ರದ್ದು, ಎರಿಕ್ ಪೊಪ್ಪೆ ನಿರ್ದೇಶನ. 1940ರ ಏಪ್ರಿಲ್ 9ರ ನಸುಕಿನಲ್ಲಿ ಜರ್ಮನಿ ನಾರ್ವೆಗೆ ನುಗ್ಗುತ್ತದೆ. ಆ ಮೂರು ದಿನ ಏಳನೇ ಹೋಕನ್ ರಾಜ ಏನು ಮಾಡಿದ, ಅಷ್ಟೇ ಕಥೆ.

ರಾಜ ಮತ್ತು ಯುದ್ಧ ಅಂದ ಕೂಡಲೇ ನಮ್ಮ ತಲೆಗೆ ಬರೋದು ಕುದುರೆ, ಕತ್ತಿ, ಕೋಟೆ ಬಾಗಿಲು. ಇಲ್ಲಿರುವ ರಾಜನಿಗೆ 67 ವರ್ಷ. ಬೆನ್ನು ನೋವು. ಮೊಮ್ಮಗನ ಜೊತೆ ಕಣ್ಣಾಮುಚ್ಚಾಲೆ ಆಡುವ ಅಜ್ಜ. ಹೆಂಡತಿ ಮಾಡ್ ತೀರಿಕೊಂಡು ಎರಡು ವರ್ಷವೂ ತುಂಬಿಲ್ಲ. ಸಂವಿಧಾನದಲ್ಲಿ ಅವನ ಹೆಸರಿದೆ, ಆಳುವುದು ಮಾತ್ರ ಚುನಾಯಿತ ಸರ್ಕಾರ. ಅಂಥವನ ಮುಂದೆ ಜರ್ಮನ್ ರಾಯಭಾರಿ ಕೂತು, ನಾರ್ವೆಯ ನಾತ್ಸಿ ಪರ ಪಕ್ಷದ ನಾಯಕ ವಿದ್ಕುನ್ ಕ್ವಿಸ್ಲಿಂಗ್‌ನನ್ನು ಪ್ರಧಾನಿ ಅಂತ ಒಪ್ಪಿಕೊಳ್ಳಿ, ಹೋರಾಟ ನಿಲ್ಲಿಸಿ, ಇಲ್ಲದಿದ್ದರೆ ನಿಮ್ಮ ಜನ ಸಾಯುತ್ತಾರೆ ಎನ್ನುತ್ತಾನೆ.

ನನ್ನನ್ನು ಹಿಡಿದು ಕೂರಿಸಿದ್ದು ಆಮೇಲಿನ ಸಂಪುಟ ಸಭೆ. ಹೋಕನ್ ಮಂತ್ರಿಗಳಿಗೆ ಆಜ್ಞೆ ಮಾಡುವುದಿಲ್ಲ. ತೀರ್ಮಾನ ನಿಮ್ಮದೇ, ನನ್ನ ಮುಖ ನೋಡಿ ತೀರ್ಮಾನ ಮಾಡಬೇಡಿ ಎನ್ನುತ್ತಾನೆ. ಆದರೆ ಜನರೂ ಪಾರ್ಲಿಮೆಂಟೂ ನಂಬದ ಮನುಷ್ಯನನ್ನು ಪ್ರಧಾನಿ ಮಾಡುವುದು ನನ್ನಿಂದ ಆಗದು, ನೀವು ಒಪ್ಪುವುದಾದರೆ ನಾನು ಸಿಂಹಾಸನ ಬಿಟ್ಟು ಇಳಿಯುತ್ತೇನೆ ಎನ್ನುತ್ತಾನೆ. ತನ್ನ ಪಾಲಿನ ‘ಇಲ್ಲ’ವನ್ನು ಮಾತ್ರ ಹೇಳಿದ. ಉಳಿದದ್ದನ್ನು ಜನ ಆರಿಸಿದವರ ಕೈಗೇ ಬಿಟ್ಟ. ಅಧಿಕಾರ ಇಲ್ಲದವನು ಇಷ್ಟು ನೇರವಾಗಿ ನಿಂತದ್ದನ್ನು ನಾನು ಬೇರೆ ಯಾವ ಯುದ್ಧದ ಸಿನಿಮಾದಲ್ಲೂ ನೋಡಿಲ್ಲ. ನಿಮಗೆ ಏನನ್ನಿಸಿತು?

ಬಯಲುಸೀಮೆ:
ಸಿನಿಮಾ ಚೆನ್ನಾಗಿದೆ, ಒಪ್ಪಿದೆ. ಆದರೆ ಒಂದು ಪ್ರಶ್ನೆ ಕಾಡ್ತಾನೇ ಇತ್ತು. ರಾಜ ಇಡೀ ಸಿನಿಮಾ ಓಡುತ್ತಲೇ ಇರ್ತಾನಲ್ವಾ? ಓಸ್ಲೋದಿಂದ ಹಾಮಾರ್, ಅಲ್ಲಿಂದ ಎಲ್ವೆರುಮ್, ಅಲ್ಲಿಂದ ನೀಬರ್ಗ್‌ಸುಂಡ್, ಆಮೇಲೆ ಕಾಡು. ಕೊನೆಗೆ ಇಂಗ್ಲೆಂಡ್. ಹಿಂದೆ ಉಳಿದು ಗುಂಡಿಗೆ ಎದೆಕೊಟ್ಟವರು ಇಪ್ಪತ್ತು ವರ್ಷದ ಹುಡುಗರು. ಅದೇ ಇವನ ಸ್ವಂತ ಅಣ್ಣ, ಡೆನ್ಮಾರ್ಕಿನ ಹತ್ತನೇ ಕ್ರಿಶ್ಚಿಯನ್, ಊರು ಬಿಟ್ಟು ಕದಲಲಿಲ್ಲ. ಜರ್ಮನ್ನರು ಬಂದ ಮೇಲೂ ಕೋಪನ್‌ಹೇಗನ್ ಬೀದಿಯಲ್ಲಿ ಒಬ್ಬನೇ ಕುದುರೆ ಮೇಲೆ ಹೋಗುತ್ತಿದ್ದ, ಕಾವಲಿನವರು ಕೂಡ ಇಲ್ಲದೆ. ಜನರ ಜೊತೆ ಉಳಿದವನು ದೊಡ್ಡವನಾ, ಹೊರಟವನು ದೊಡ್ಡವನಾ?

ಹಳೇಪುಟ:
@ಬಯಲುಸೀಮೆ ಓಡಿದ್ದೇ ಅಲ್ಲಿ ಯುದ್ಧ. ಜರ್ಮನ್ನರ ಲೆಕ್ಕಾಚಾರ ನೋಡಿ. ಬೆಳಗಾಗುವುದರೊಳಗೆ ಓಸ್ಲೋಗೆ ಹಡಗು ತರುವುದು, ರಾಜ, ಸರ್ಕಾರ, ಬ್ಯಾಂಕಿನ ಚಿನ್ನ ಮೂರನ್ನೂ ಒಂದೇ ಏಟಿಗೆ ಹಿಡಿಯುವುದು, ರಾಜನ ಕೈಯಲ್ಲೇ ಶರಣಾಗತಿ ಹೇಳಿಸುವುದು. ಮೂರೂ ತಪ್ಪಿಹೋದವು. ಬೆಳಗ್ಗೆ 7.23ಕ್ಕೆ ವಿಶೇಷ ರೈಲು ಹೊರಟಿತು. ರಾಜನ ಮನೆಯವರು, ಮಂತ್ರಿಗಳು, ಪಾರ್ಲಿಮೆಂಟ್ ಸದಸ್ಯರು ಎಲ್ಲ ಅದರಲ್ಲೇ. ಈ ಏರ್ಪಾಟು ಪಾರ್ಲಿಮೆಂಟ್ ಅಧ್ಯಕ್ಷ ಹಾಂಬ್ರೊ ಮಾಡಿದ್ದು. ಅತ್ತ ನಾರ್ವೆಯ ಬ್ಯಾಂಕಿನಿಂದ ಸುಮಾರು 50 ಟನ್ ಚಿನ್ನ ಅದೇ ಬೆಳಗ್ಗೆ ಲಾರಿಗಳಲ್ಲಿ ಊರು ಬಿಟ್ಟಿತು. ಮಧ್ಯಾಹ್ನ ಜರ್ಮನ್ನರು ಓಸ್ಲೋಗೆ ಬಂದಾಗ ಕಟ್ಟಡಗಳಿದ್ದವು, ಸಹಿ ಹಾಕುವ ಕೈ ಇರಲಿಲ್ಲ.

ಡೆನ್ಮಾರ್ಕ್ ಜೊತೆ ಹೋಲಿಸುವುದು ಕ್ರಿಶ್ಚಿಯನ್ನನಿಗೂ ನ್ಯಾಯ ಅಲ್ಲ. ಅದು ಚಪ್ಪಟೆ ನೆಲ. ಜರ್ಮನಿಗೆ ಅಂಟಿಕೊಂಡ ಗಡಿ. ಕೆಲವೇ ಗಂಟೆಯಲ್ಲಿ ಮುಗಿದುಹೋಯಿತು. ನಾರ್ವೆಯಲ್ಲಿ ಬೆಟ್ಟ, ಕಾಡು, ಹಿಮ, ಉದ್ದಕ್ಕೆ ಚಾಚಿದ ಕರಾವಳಿ. ಹಿಂದೆ ಸರಿಯಲು ಜಾಗ ಇತ್ತು.

ಓಸ್ಲೋಕನ್ನಡಿಗ:
ನಾನು ಇಲ್ಲೇ ಕೆಲಸ ಮಾಡುವವನು, ಈ ಸಿನಿಮಾ ಬಗ್ಗೆ ಕನ್ನಡದಲ್ಲಿ ಚರ್ಚೆ ನೋಡಿ ಖುಷಿಯಾಯ್ತು. ಆ ರೈಲು 7.23ಕ್ಕೆ ಹೊರಡಲು ಆದದ್ದೇ ಆಸ್ಕರ್ಸ್‌ಬೋರ್ಗ್ ಕೋಟೆಯಿಂದ. ಅದನ್ನು ಬಿಟ್ಟು ಈ ಕಥೆ ಹೇಳಲು ಆಗಲ್ಲ.

ಡ್ರೊಬಾಕ್ ಅನ್ನುವ ಪುಟ್ಟ ಊರಿಂದ ದೋಣಿಯಲ್ಲಿ ಹೋಗಬೇಕು. ಕೋಟೆ ಇರುವುದು ದ್ವೀಪದ ಮೇಲೆ. ಫ್ಯೋರ್ಡ್, ಅಂದರೆ ನೆಲದೊಳಗೆ ಚಾಚಿದ ಸಮುದ್ರದ ಕಿರುದಾರಿ, ಅಲ್ಲಿ ಎಷ್ಟು ಕಿರಿದು ಅಂದರೆ ಆಚೆ ದಡದ ಮನೆಗಳ ಕಿಟಕಿ ಕಾಣುತ್ತದೆ. ಆ ಸಂದಿನಲ್ಲೇ ಜರ್ಮನ್ನರ ಬ್ಲೂಶರ್ ಹಡಗು ಬಂದದ್ದು. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಸೇವೆಗೆ ಸೇರಿದ ಹೊಚ್ಚಹೊಸ ಭಾರೀ ಕ್ರೂಸರ್. ಕೋಟೆಯ ಫಿರಂಗಿಗಳು 28 ಸೆಂಟಿಮೀಟರಿನವು, ಜರ್ಮನಿಯ ಕ್ರುಪ್ ಕಾರ್ಖಾನೆಯಲ್ಲಿ 1890ರ ದಶಕದಲ್ಲಿ ಮಾಡಿದವು. ಮೂರಕ್ಕೂ ಬೈಬಲಿನ ಹೆಸರು: ಮೋಸೆಸ್, ಆರೋನ್, ಯೋಸ್ವಾ. ಇವತ್ತಿಗೂ ಅಲ್ಲೇ ಇವೆ, ಪಕ್ಕದಲ್ಲಿ ನಿಂತರೆ ನಳಿಗೆ ನಮ್ಮ ತಲೆಗಿಂತ ಮೇಲಿರುತ್ತದೆ.

ಅವತ್ತು ಅಲ್ಲಿದ್ದ ಹುಡುಗರು ಸೇರಿ ಒಂದು ವಾರ ಆಗಿತ್ತಷ್ಟೇ. ಎಲ್ಲ ಫಿರಂಗಿಗೂ ಸಾಲುವಷ್ಟು ಜನ ಇರಲಿಲ್ಲ, ಅಡುಗೆಯವರನ್ನೂ ಕರೆದು ನಿಲ್ಲಿಸಿದರು. ಬರುತ್ತಿರುವ ಹಡಗು ಯಾರದ್ದು ಅಂತ ಖಚಿತ ಇಲ್ಲ. ಮೇಲಿನಿಂದ ಸ್ಪಷ್ಟ ಆದೇಶವೂ ಇಲ್ಲ. ಕಮಾಂಡರ್ ಬಿರ್ಗರ್ ಎರಿಕ್ಸನ್, 64 ವರ್ಷದವರು, ನಿವೃತ್ತಿಗೆ ಹತ್ತಿರ. ನನಗೆ ಒಂದೋ ಪದಕ ಸಿಗುತ್ತದೆ, ಇಲ್ಲಾ ಕೋರ್ಟ್ ಮಾರ್ಷಲ್ ಆಗುತ್ತದೆ ಅಂತ ಹೇಳಿ ಗುಂಡು ಹಾರಿಸಲು ಆಜ್ಞೆ ಕೊಟ್ಟರು. ಗಂಟೆ 4.21. ಎರಡು ಗುಂಡು, ಎರಡೂ ತಗುಲಿದವು. ಮತ್ತೆ ತುಂಬಲು ಸಮಯವೇ ಇಲ್ಲ. ಆಮೇಲೆ ಬಂಡೆಯೊಳಗೆ ಬಚ್ಚಿಟ್ಟಿದ್ದ ಟಾರ್ಪಿಡೋ ಕೇಂದ್ರದಿಂದ ಟಾರ್ಪಿಡೋಗಳು. ಅವೂ ನಲವತ್ತು ವರ್ಷ ಹಳೆಯವು. ಅದನ್ನು ನೋಡಿಕೊಂಡವರು ಆಂಡರ್ಸನ್ ಅಂತ, ಆಗಲೇ ನಿವೃತ್ತರಾಗಿ ಡ್ರೊಬಾಕಿನಲ್ಲಿ ಮನೆಯಲ್ಲಿದ್ದವರು, ಕರೆ ಬಂದ ಕೂಡಲೇ ಹಳೇ ಸಮವಸ್ತ್ರ ಹಾಕಿಕೊಂಡು ಹೋದವರು. ಬ್ಲೂಶರ್ ಮುಳುಗಿತು. ಹಿಂದೆ ಬರುತ್ತಿದ್ದ ಹಡಗುಗಳು ತಿರುಗಿದವು. ರಾಜನನ್ನೂ ಸರ್ಕಾರವನ್ನೂ ಹಿಡಿಯಬೇಕಿದ್ದ ಪಡೆ ಆ ಹಡಗಿನಲ್ಲೇ ಇತ್ತು.

ಬಯಲುಸೀಮೆ:
ಆ ದೃಶ್ಯ ಸಿನಿಮಾದಲ್ಲಿ ಅದ್ಭುತ. ಕತ್ತಲು, ಸರ್ಚ್‌ಲೈಟು, ಹುಡುಗರ ಮುಖ. ಹಾಗಾದ್ರೆ ನಿಜವಾದ ನಾಯಕ ಎರಿಕ್ಸನ್ ತಾನೆ? ಸಿನಿಮಾ ಅವರದ್ದಾಗಬೇಕಿತ್ತು.

ತುಂಗಾತೀರ:
ಎರಿಕ್ಸನ್ ಕೊಟ್ಟದ್ದು ಕೆಲವು ಗಂಟೆಗಳ ಅವಕಾಶ. ಆ ಗಂಟೆಗಳನ್ನು ಏನು ಮಾಡಬೇಕು ಅನ್ನುವುದು ರಾಜನ ಮತ್ತು ಸರ್ಕಾರದ ಕೈಲಿತ್ತು. ಅವರು ಓಸ್ಲೋದಿಂದ ಹೊರಟು ಎಲ್ವೆರುಮ್‌ನಲ್ಲಿ ಕೂತು ಕೊನೆಗೆ ಸಹಿ ಹಾಕಿಬಿಟ್ಟಿದ್ದರೆ ಬ್ಲೂಶರ್ ಮುಳುಗಿಯೂ ಏನೂ ಆಗುತ್ತಿರಲಿಲ್ಲ. ಹಾಗೆ ಸಹಿ ಹಾಕುವ ಮನಸ್ಸು ಅವತ್ತು ಹಲವರಿಗೆ ಬಂದಿತ್ತು ಅನ್ನುವುದನ್ನು ಸಿನಿಮಾ ಮುಚ್ಚಿಡುವುದಿಲ್ಲ. ಮಾತುಕತೆ ಮಾಡೋಣ ಅನ್ನುವವರು ಹುಚ್ಚರೂ ಅಲ್ಲ, ದ್ರೋಹಿಗಳೂ ಅಲ್ಲ. ಹೆದರಿದ, ದಣಿದ, ರಾತ್ರಿ ನಿದ್ದೆಯಿಲ್ಲದ ಮನುಷ್ಯರು.

ಸಂಜೆಮಲ್ಲಿಗೆ:
ನನಗೆ ಹೆಚ್ಚು ಕಾಡಿದ್ದು ಆ ಜರ್ಮನ್ ರಾಯಭಾರಿ ಕುರ್ಟ್ ಬ್ರಾಯರ್. ಕಾರ್ಲ್ ಮಾರ್ಕೊವಿಕ್ಸ್ ಎಷ್ಟು ಚೆನ್ನಾಗಿ ಮಾಡಿದ್ದಾರೆ. ಆ ಮನುಷ್ಯ ರಕ್ತಪಾತ ತಪ್ಪಿಸಬೇಕು ಅಂತ ನಿಜವಾಗಿಯೂ ನಂಬುತ್ತಾನೆ. ಸೈನ್ಯದವರು ಇವನನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ರೇಡಿಯೋದಲ್ಲಿ ಕ್ವಿಸ್ಲಿಂಗ್ ತಾನೇ ಸರ್ಕಾರ ಅಂತ ಘೋಷಿಸಿಕೊಂಡಾಗ ಇವನಿಗೂ ಸಿಟ್ಟು ಬರುತ್ತದೆ. ಆದರೂ ಮರುದಿನ ಅದೇ ಕ್ವಿಸ್ಲಿಂಗ್ ಹೆಸರು ಹಿಡಿದುಕೊಂಡು ರಾಜನ ಮುಂದೆ ಹೋಗುತ್ತಾನೆ, ಬರ್ಲಿನ್ ಹೇಳಿತು ಅಂತ.

ಎಲ್ವೆರುಮ್‌ನ ಶಾಲೆಯಲ್ಲಿ ಅವರಿಬ್ಬರೇ ಕೂತ ದೃಶ್ಯವನ್ನು ನಾನು ಮತ್ತೆ ಹಿಂದಕ್ಕೆ ಹಾಕಿ ನೋಡಿದೆ. ಬ್ರಾಯರ್ ಒಂದು ಕೆಟ್ಟ ಮಾತೂ ಆಡುವುದಿಲ್ಲ, ಬಹುತೇಕ ಬೇಡಿಕೊಳ್ಳುತ್ತಾನೆ. ಸಾವಿನ ಭಾರವನ್ನು ಪೂರ್ತಿ ಎದುರಿಗಿರುವವನ ಹೆಗಲಿಗೆ ಹಾಕುತ್ತಾನೆ. ನೀವು ಒಪ್ಪದಿದ್ದರೆ ಆಗುವುದಕ್ಕೆಲ್ಲ ನೀವೇ ಹೊಣೆ ಅಂತ. ದಾಳಿ ಮಾಡಿದವರು ಯಾರು, ಹೊಣೆ ಯಾರ ಮೇಲೆ! ಆ ಕ್ಷಣದಲ್ಲಿ ನನಗೆ ಮೈ ಉರಿಯಿತು. ಒಳ್ಳೆಯ ಮನಸ್ಸಿನವರೂ ದುಷ್ಟ ಕೆಲಸಕ್ಕೆ ಹೇಗೆ ದಾರಿಯಾಗುತ್ತಾರೆ ಅನ್ನುವುದನ್ನು ಈ ಸಿನಿಮಾ ಅವನ ಮುಖದಲ್ಲೇ ತೋರಿಸಿತು.

ಮಳೆಗಾಲ:
ಆಮೇಲೆ ಬ್ರಾಯರ್‌ಗೆ ಏನಾಯಿತು?

ಹಳೇಪುಟ:
ಕೆಲವೇ ದಿನದಲ್ಲಿ ಹುದ್ದೆಯಿಂದ ತೆಗೆದರು, ಸೈನ್ಯಕ್ಕೆ ಕಳಿಸಿದರು. ಅವನ ಜಾಗಕ್ಕಲ್ಲ, ಇಡೀ ದೇಶದ ಮೇಲೆಯೇ ನಾತ್ಸಿ ಪಕ್ಷದ ಯೋಸೆಫ್ ಟೆರ್ಬೋವೆನ್‌ನನ್ನು ತಂದು ಕೂರಿಸಿದರು. ರಾಜ ಒಪ್ಪಿದ್ದರೆ ಬ್ರಾಯರ್ ಹೇಳಿದ ಹಾಗೆ ನೆಮ್ಮದಿಯಾಗಿ ಇರಬಹುದಿತ್ತು ಅನ್ನುವವರು ಟೆರ್ಬೋವೆನ್ ಆಡಳಿತ ಹೇಗಿತ್ತು ಅಂತ ಓದಬೇಕು.

ನನಗೂ ಸಿನಿಮಾ ಇಷ್ಟ, ಆದರೆ ಒಂದು ದೊಡ್ಡ ತಕರಾರಿದೆ. ಪ್ರಧಾನಿ ನೀಗೋರ್ಸ್‌ವೋಲ್ ಮತ್ತು ವಿದೇಶಾಂಗ ಮಂತ್ರಿ ಕೂಟ್ ಇಬ್ಬರನ್ನೂ ಇದರಲ್ಲಿ ತೀರಾ ಚಿಕ್ಕವರನ್ನಾಗಿ ಮಾಡಿದ್ದಾರೆ. ಗಾಬರಿ ಬಿದ್ದ ಮುದುಕರ ಹಾಗೆ ಕಾಣುತ್ತಾರೆ. ನಿಜಕ್ಕೂ ನಡೆದದ್ದು ನೋಡಿ. ಏಪ್ರಿಲ್ 9ರ ನಸುಕಿನಲ್ಲಿ ಬ್ರಾಯರ್ ಮೊದಲ ಸಲ ಷರತ್ತುಗಳನ್ನು ತಂದಾಗ, ರಾಜ ಪಕ್ಕದಲ್ಲಿಲ್ಲದಾಗಲೇ, ಸರ್ಕಾರ ಅದನ್ನು ತಿರಸ್ಕರಿಸಿತ್ತು. ಅಂದರೆ ಮೊದಲ ‘ಇಲ್ಲ’ ಹೇಳಿದ್ದು ಸರ್ಕಾರ. 10ರಂದು ನೀಬರ್ಗ್‌ಸುಂಡ್‌ನಲ್ಲಿ ರಾಜ ಮಾತಾಡಿದ ಮೇಲೆ ಎಲ್ಲರೂ ಒಮ್ಮತದಿಂದ ಅದನ್ನೇ ಮತ್ತೆ ಹೇಳಿದರು. ನೀಗೋರ್ಸ್‌ವೋಲ್ ಕೂಲಿ ಮಾಡಿ, ಗರಗಸದ ಕಾರ್ಖಾನೆಯಲ್ಲಿ ದುಡಿದು ಮೇಲೆ ಬಂದವನು, ಕಾರ್ಮಿಕ ಪಕ್ಷದವನು. ಅವನಿಗೆ ಈ ಸಿನಿಮಾದಲ್ಲಿ ಒಂದು ಗಟ್ಟಿ ದೃಶ್ಯ ಕೊಡಬೇಕಿತ್ತು.

ತುಂಗಾತೀರ:
@ಹಳೇಪುಟ ನೀಗೋರ್ಸ್‌ವೋಲ್ ಬಗ್ಗೆ ನಿಮ್ಮ ಮಾತು ಸರಿ, ಅವನಿಗೆ ಇನ್ನೂ ಜಾಗ ಬೇಕಿತ್ತು. ಆದರೆ ರಾಜನ ‘ಇಲ್ಲ’ಕ್ಕೆ ಬೇರೆ ತೂಕ ಇತ್ತು, ಯಾಕೆ ಅಂದರೆ ಎರಡನೇ ಸಲದ ಹೊತ್ತಿಗೆ ಓಸ್ಲೋ ಕೈತಪ್ಪಿತ್ತು, ಬಂದರುಗಳು ಹೋಗಿದ್ದವು, ಹೆಣಗಳು ಬಿದ್ದಿದ್ದವು. ಮೊದಲ ಸಲ ಬೆದರಿಕೆ, ಎರಡನೇ ಸಲ ಅದೇ ಬೆದರಿಕೆ ಕಣ್ಣ ಮುಂದೆ ನಡೆದಿತ್ತು.

ಇನ್ನೊಂದು ವಿಷಯ. ಈ ಮನುಷ್ಯ ಹುಟ್ಟಿದ್ದು ನಾರ್ವೆಯಲ್ಲಲ್ಲ. ಡೆನ್ಮಾರ್ಕಿನ ರಾಜಕುಮಾರ ಕಾರ್ಲ್. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾದಾಗ ಬಂದು ರಾಜನಾಗು ಅಂತ ಕರೆದರು. ಕರೆದ ಕೂಡಲೇ ಕಿರೀಟ ತೊಟ್ಟುಕೊಳ್ಳಲಿಲ್ಲ. ರಾಜ ಬೇಕೋ ಗಣರಾಜ್ಯ ಬೇಕೋ ಅಂತ ಮೊದಲು ಜನರನ್ನು ಕೇಳಿ ಎಂದ. ಆ ವರ್ಷ ನವೆಂಬರಿನಲ್ಲಿ ಮತ ಹಾಕಿದರು, ನೂರಕ್ಕೆ 79ರಷ್ಟು ಜನ ರಾಜನ ಪರ. (ಆಗ ಹೆಂಗಸರಿಗೆ ಆ ಮತದ ಹಕ್ಕು ಇರಲಿಲ್ಲ, ಅದೂ ನಿಜ.) ಆಮೇಲೆ ಹೋಕನ್ ಅಂತ ನಾರ್ವೆಯ ಹಳೇ ರಾಜರ ಹೆಸರಿಟ್ಟುಕೊಂಡ, ಮಗ ಅಲೆಕ್ಸಾಂಡರ್‌ಗೆ ಓಲಾವ್ ಅಂತ ಹೆಸರಿಟ್ಟ. ಜನರ ಮತದಿಂದ ಬಂದವನು ಅಂತ ಅವನು ಕೊನೆಯವರೆಗೂ ನೆನಪಿಟ್ಟುಕೊಂಡಿದ್ದ. ಹಾಗಾಗಿ 35 ವರ್ಷದ ನಂತರ ಜನ ಆರಿಸದವನೊಬ್ಬನನ್ನು ಪ್ರಧಾನಿ ಮಾಡು ಅಂದಾಗ ಅವನಿಗೆ ಅದು ತನ್ನ ಬುಡಕ್ಕೇ ಕೊಡಲಿ ಹಾಕಿದಂತೆ ಅನ್ನಿಸಿರಬೇಕು. ಜೆಸ್ಪರ್ ಕ್ರಿಸ್ಟೆನ್ಸನ್ ಡ್ಯಾನಿಶ್ ನಟ, ಆ ಪಾತ್ರಕ್ಕೆ ಡ್ಯಾನಿಶ್ ನಟನನ್ನೇ ಹಾಕಿದ್ದು ಎಷ್ಟು ಸರಿಯಾಗಿ ಕೂತಿದೆ ನೋಡಿ.

ಸಂಜೆಮಲ್ಲಿಗೆ:
ಅಪ್ಪ ಮಗನ ಜಗಳ ಯಾರೂ ಹೇಳಲಿಲ್ಲ. ಓಲಾವ್‌ಗೆ ಅಪ್ಪ ನಿಧಾನ ಅನ್ನಿಸುತ್ತದೆ, ಏನಾದರೂ ಮಾಡಬೇಕು ಅಂತ ತಳಮಳ. ಅಪ್ಪನಿಗೆ ಮಗ ಗೆರೆ ದಾಟುತ್ತಿದ್ದಾನೆ ಅನ್ನಿಸುತ್ತದೆ. ಸೊಸೆ ಮಾರ್ತಾಳನ್ನೂ ಮಕ್ಕಳನ್ನೂ ಸ್ವೀಡನ್ ಗಡಿ ದಾಟಿಸುವ ಹೊತ್ತಿನಲ್ಲಿ ಆ ಮೂರು ವರ್ಷದ ಹುಡುಗನ ಮುಖ ನೋಡಿ. ಅವನೇ ಹರಾಲ್ಡ್, 1991ರಲ್ಲಿ ರಾಜನಾದವನು. ಮಾರ್ತಾ ಸ್ವೀಡನ್ ರಾಜಕುಮಾರಿ, ತವರಿಗೆ ಹೋದಂತೆಯೇ. ಆದರೂ ಅಲ್ಲಿ ಬಹಳ ದಿನ ಉಳಿಯಲು ಆಗಲಿಲ್ಲ, ಆಗಸ್ಟ್‌ನಲ್ಲಿ ಮಕ್ಕಳನ್ನು ಕರೆದುಕೊಂಡು ಅಮೆರಿಕಕ್ಕೆ ಹೋದಳು. ಅವಳ ಕಥೆಗೇ ಬೇರೆ ಸಿನಿಮಾ ಬೇಕು, ಇಲ್ಲಿ ಗಾಡಿ ಹತ್ತಿಸಿ ಕಳಿಸಿಬಿಟ್ಟರು.

ಮಳೆಗಾಲ:
ಬಸ್ಸಿನಲ್ಲಿ ಬಂದ ಜರ್ಮನ್ನರ ದೃಶ್ಯ ನಿಜವಾ? ಅದು ಸಿನಿಮಾಕ್ಕೆ ಸೇರಿಸಿದ್ದು ಅಂದುಕೊಂಡೆ.

ಓಸ್ಲೋಕನ್ನಡಿಗ:
ನಿಜ. ಏಪ್ರಿಲ್ 9ರ ರಾತ್ರಿ. ಜರ್ಮನ್ ರಾಯಭಾರ ಕಚೇರಿಯ ವಾಯುಪಡೆ ಅಧಿಕಾರಿ ಸ್ಪಿಲ್ಲರ್ ಸುಮಾರು ನೂರು ಪ್ಯಾರಾಟ್ರೂಪರ್‌ಗಳನ್ನು ಕರೆದುಕೊಂಡು, ಸಿಕ್ಕ ಬಸ್ಸುಗಳನ್ನು ಕಸಿದುಕೊಂಡು, ರಾಜನನ್ನು ಹಿಡಿಯಲು ಹೊರಟ. ಎಲ್ವೆರುಮ್ ಹತ್ತಿರ ಮಿಟ್‌ಸ್ಕೋಗೆನ್ ಅನ್ನುವ ಹೊಲದ ಮನೆಯ ಬಳಿ ರಸ್ತೆಗೆ ಅಡ್ಡ ಹಾಕಿದ್ದರು. ತಡೆದವರು ಅರಮನೆ ಗಾರ್ಡ್ ದಳದ ಎಳೆಯ ಹುಡುಗರು, ಜೊತೆಗೆ ಊರಿನ ರೈಫಲ್ ಕ್ಲಬ್ಬಿನವರು. ಸ್ಪಿಲ್ಲರ್‌ಗೆ ಗುಂಡು ಬಿತ್ತು, ಅವನು ಉಳಿಯಲಿಲ್ಲ. ಉಳಿದವರು ಹಿಂದೆ ಹೋದರು. ದೊಡ್ಡ ಯುದ್ಧವೇನಲ್ಲ, ಆದರೆ ಅದು ಆಗದಿದ್ದರೆ ಮರುದಿನ ಬ್ರಾಯರ್ ಭೇಟಿಯೇ ಬೇಕಾಗುತ್ತಿರಲಿಲ್ಲ. ಸಿನಿಮಾದಲ್ಲಿ ಸೀಬರ್ಗ್ ಅನ್ನುವ ಹುಡುಗ ಸೈನಿಕನ ಮೂಲಕ ಅದನ್ನು ತೋರಿಸಿದ್ದಾರೆ.

‘ಇಲ್ಲ’ ಹೇಳಿದ್ದಕ್ಕೆ ಉತ್ತರ 11ರಂದು ಬಂತು. ನೀಬರ್ಗ್‌ಸುಂಡ್ ಮೇಲೆ ಬಾಂಬ್. ರಾಜ, ಯುವರಾಜ, ಮಂತ್ರಿಗಳು ಎಲ್ಲ ಹಿಮದಲ್ಲಿ ಕಾಲು ಹೂತುಕೊಂಡು ಕಾಡಿಗೆ ಓಡಿದರು.

ಬಯಲುಸೀಮೆ:
ಸರಿ, ಓಡಿದ್ದರ ಬಗ್ಗೆ ನನಗೆ ಉತ್ತರ ಸಿಕ್ಕಿತು. ಆದರೂ ನೇರವಾಗಿ ಕೇಳ್ತೀನಿ. ಇಷ್ಟೆಲ್ಲಾ ಮಾಡಿ ಏನು ಸಿಕ್ಕಿತು? ಜೂನ್ ಹೊತ್ತಿಗೆ ನಾರ್ವೆ ಬಿತ್ತು. ಐದು ವರ್ಷ ಜರ್ಮನ್ನರ ಕೈಕೆಳಗಿತ್ತು. ಒಪ್ಪಿದ್ದರೂ ಅದೇ, ಒಪ್ಪದಿದ್ದರೂ ಅದೇ ಅಲ್ವಾ?

ಹಳೇಪುಟ:
ಅದೇ ಅಲ್ಲ. ಇದನ್ನು ಸಿನಿಮಾ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

9ರ ಸಂಜೆ ಎಲ್ವೆರುಮ್‌ನಲ್ಲಿ ಪಾರ್ಲಿಮೆಂಟ್ ಸೇರಿ, ದೇಶದ ಹಿತ ಕಾಯುವ ಪೂರ್ಣ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು, ಬೇಕಾದರೆ ದೇಶದ ಹೊರಗಿನಿಂದಲೂ. ಮರುದಿನ ರಾಜ ಮತ್ತು ಸಂಪುಟ ಶರಣಾಗಲಿಲ್ಲ. ಹಾಗಾಗಿ ಕಾನೂನಿನ ಕಣ್ಣಲ್ಲಿ ನಾರ್ವೆಯ ಸರ್ಕಾರ ಉಳಿಯಿತು. ಇದರಿಂದ ಆದ ದೊಡ್ಡ ಲಾಭ ಹಡಗುಗಳು. ಆಗ ನಾರ್ವೆಯ ವ್ಯಾಪಾರಿ ನೌಕಾಪಡೆ ಜಗತ್ತಿನ ದೊಡ್ಡವುಗಳಲ್ಲಿ ಒಂದು, ಎಣ್ಣೆ ಸಾಗಿಸುವ ಟ್ಯಾಂಕರ್‌ಗಳೂ ಜಾಸ್ತಿ. ಏಪ್ರಿಲ್ ಮುಗಿಯುವುದರೊಳಗೆ ಸರ್ಕಾರ ಆದೇಶ ಹೊರಡಿಸಿ, ಜರ್ಮನ್ನರ ಕೈಗೆ ಸಿಗದ ಹಡಗುಗಳನ್ನೆಲ್ಲ ತನ್ನ ವಶಕ್ಕೆ ತೆಗೆದುಕೊಂಡಿತು. ಸಾವಿರಕ್ಕೂ ಹೆಚ್ಚು ಹಡಗುಗಳು. ಲಂಡನ್ನಿನಲ್ಲಿ ನೋರ್ಟ್ರಾಶಿಪ್ ಅನ್ನುವ ಸಂಸ್ಥೆ ಮಾಡಿ ನಡೆಸಿದರು. ಬ್ರಿಟನ್‌ಗೆ ಎಣ್ಣೆ, ಆಹಾರ ತಂದವುಗಳಲ್ಲಿ ಇವೂ ಇದ್ದವು. ಎಷ್ಟೋ ನಾವಿಕರು ಅಟ್ಲಾಂಟಿಕ್‌ನಲ್ಲಿ ಸತ್ತರು. ದೇಶ ಬಿಟ್ಟ ಸರ್ಕಾರ ತನ್ನ ಹಡಗುಗಳ ದುಡಿಮೆಯಲ್ಲೇ ತನ್ನ ಖರ್ಚು ನೋಡಿಕೊಂಡಿತು, ಯಾರ ಮುಂದೆಯೂ ಕೈ ಚಾಚದೆ.

ರಾಜ 10ರಂದು ಕ್ವಿಸ್ಲಿಂಗ್‌ಗೆ ಸಹಿ ಹಾಕಿದ್ದರೆ ಆ ಹಡಗುಗಳ ಕ್ಯಾಪ್ಟನ್‌ಗಳು ಯಾರ ಮಾತು ಕೇಳಬೇಕಿತ್ತು?

ಸಂಜೆಮಲ್ಲಿಗೆ:
ಇದು ಗೊತ್ತೇ ಇರಲಿಲ್ಲ. ಸಿನಿಮಾ ಕೊನೆಯಲ್ಲಿ ನಾಲ್ಕು ಸಾಲು ಹಾಕುವ ಬದಲು ಇದನ್ನು ಹೇಳಬೇಕಿತ್ತು.

ಓಸ್ಲೋಕನ್ನಡಿಗ:
ಜನರ ಮನಸ್ಸಿನಲ್ಲಿ ಏನಾಯ್ತು ಅನ್ನುವುದನ್ನೂ ಸೇರಿಸಿ. ಹೋಕನ್‌ನ H ಅಕ್ಷರದ ಒಳಗೆ 7 ಅಂತ ಬರೆದ ಗುರುತು ಯುದ್ಧದ ಉದ್ದಕ್ಕೂ ಗೋಡೆ ಮೇಲೆ, ಹಿಮದ ಮೇಲೆ ಎಲ್ಲ ಕಡೆ ಮೂಡುತ್ತಿತ್ತು. ಕೆಲವರು ನಾಣ್ಯದ ಮೇಲಿದ್ದ ಅದೇ ಗುರುತನ್ನು ಉಜ್ಜಿ ಹೊಳಪು ಮಾಡಿ ಕೋಟಿಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ಮೋಲ್ಡೆ ಊರಿನ ಮೇಲೆ ಬಾಂಬ್ ಬೀಳುವಾಗ ಅಪ್ಪ ಮಗ ಇಬ್ಬರೂ ಒಂದು ಬರ್ಚ್ ಮರದ ಕೆಳಗೆ ನಿಂತ ಫೋಟೋ ಇದೆ. ಇಲ್ಲಿಯ ಹಳಬರಿಗೆ ಅದನ್ನು ತೋರಿಸಿದರೆ ಸಾಕು, ಮಾತು ಶುರು. ಜೂನ್ 7ರಂದು ಟ್ರೊಮ್ಸೊದಿಂದ ಬ್ರಿಟಿಷ್ ಹಡಗು ಹತ್ತಿದರು. ವಾಪಸ್ ಬಂದದ್ದು 1945ರ ಜೂನ್ 7. ಸರಿಯಾಗಿ ಐದು ವರ್ಷ.

ತುಂಗಾತೀರ:
ನನಗೆ ಒಂದು ಕೊರಗು ಉಳಿದಿದೆ. ಸಿನಿಮಾ ನಿಲ್ಲುವ ಜಾಗದಿಂದ ಸುಮಾರು ಮೂರು ತಿಂಗಳು ಮುಂದೆ ಹೋದರೆ ಇದಕ್ಕಿಂತ ಕಷ್ಟದ ‘ಇಲ್ಲ’ ಒಂದಿದೆ. 1940ರ ಬೇಸಿಗೆಯಲ್ಲಿ ಫ್ರಾನ್ಸ್ ಬಿದ್ದಿತ್ತು, ಜರ್ಮನಿ ಗೆದ್ದೇಬಿಟ್ಟಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಆಗ ಓಸ್ಲೋದಲ್ಲಿ ಉಳಿದಿದ್ದ ಪಾರ್ಲಿಮೆಂಟಿನ ಅಧ್ಯಕ್ಷ ಮಂಡಳಿಯೇ ಜರ್ಮನ್ನರ ಒತ್ತಡಕ್ಕೆ ಸಿಕ್ಕಿ, ಸಿಂಹಾಸನ ಬಿಟ್ಟುಕೊಡಿ ಅಂತ ರಾಜನಿಗೆ ಬರೆಯಿತು. ಏಪ್ರಿಲ್‌ನಲ್ಲಿ ಶತ್ರುವಿಗೆ ‘ಇಲ್ಲ’ ಅಂದದ್ದು ಒಂದು. ಜುಲೈನಲ್ಲಿ ತನ್ನದೇ ಪಾರ್ಲಿಮೆಂಟಿನವರಿಗೆ, ತಾನು ಅಷ್ಟು ಗೌರವಿಸುವ ಸಂಸ್ಥೆಗೆ ‘ಇಲ್ಲ’ ಅನ್ನಬೇಕಾಯಿತು. ಇದು ಸ್ವತಂತ್ರವಾಗಿ ಮಾಡಿದ ತೀರ್ಮಾನ ಅಲ್ಲ, ಒತ್ತಡದಲ್ಲಿ ಮಾಡಿದ್ದು, ಆದ್ದರಿಂದ ಒಪ್ಪಲಾರೆ ಅಂತ ಉತ್ತರ ಬರೆದ, ಜುಲೈ 8ರಂದು ಬಿಬಿಸಿ ರೇಡಿಯೋದಲ್ಲಿ ಅದನ್ನು ಜನರಿಗೆ ತಿಳಿಸಿದರು. ಮೊದಲನೆಯ ‘ಇಲ್ಲ’ದಲ್ಲಿ ಅವನು ಸಂಪುಟಕ್ಕೆ ತಲೆಬಾಗಲು ತಯಾರಿದ್ದ. ಎರಡನೆಯದರಲ್ಲಿ ಯಾರ ಮಾತು ನಿಜವಾಗಿ ಜನರ ಮಾತು ಅಂತ ಅವನೇ ತೂಗಿ ನೋಡಬೇಕಾಯಿತು. ಪೊಪ್ಪೆ ಇದನ್ನು ತೆಗೆಯಲಿ ಅಂತ ನನ್ನ ಆಸೆ, ಬಾಂಬ್ ಇಲ್ಲ, ಹಿಮ ಇಲ್ಲ, ಲಂಡನ್ನಿನ ಒಂದು ಕೋಣೆ ಮತ್ತು ಒಂದು ಪತ್ರ, ಸಾಕು.

ಬಯಲುಸೀಮೆ:
ಹಾಗೆ ತೆಗೆದರೆ ಬೆಲ್ಜಿಯಂನ ಮೂರನೇ ಲಿಯೋಪೋಲ್ಡ್‌ನನ್ನೂ ಎದುರಿಗಿಟ್ಟು ತೆಗೆಯಬೇಕು. ಅದೇ ವರ್ಷ ಮೇ 28ರಂದು ಅವನು ಶರಣಾದ, ಮಂತ್ರಿಗಳು ಬೇಡ ಅಂದರೂ ಊರಲ್ಲೇ ಉಳಿದ. ಅವನೂ ಜನರ ಜೊತೆ ಇರುತ್ತೇನೆ ಅಂತಲೇ ಹೇಳಿದ್ದು. ಯುದ್ಧ ಮುಗಿದ ಮೇಲೆ ಅದೇ ಜನ ಅವನ ವಿಷಯದಲ್ಲಿ ಎರಡಾಗಿ ಒಡೆದರು, 1951ರಲ್ಲಿ ಮಗನಿಗೆ ಪಟ್ಟ ಬಿಟ್ಟುಕೊಟ್ಟ. ನಾನು ಮೊದಲು ಕೇಳಿದ ಪ್ರಶ್ನೆಯನ್ನು ಅವನ ವಿಷಯದಲ್ಲಿ ಕೇಳಿದರೆ ಉತ್ತರ ಇಷ್ಟು ಸುಲಭ ಇಲ್ಲ. @ಹಳೇಪುಟ ಲಿಯೋಪೋಲ್ಡ್ ಬಗ್ಗೆ ನೀವು ಬರೆಯಿರಿ, ಅವನ ಮಂತ್ರಿಗಳ ಕಡೆಯ ವಾದವನ್ನೂ ಸೇರಿಸಿ.